ಕಡಲಾಳದಿಂದ ಸಪ್ತಸಾಗರಕ್ಕೆ

ನಿಪ್ಪಾಣಿಯಿಂದ ದೇವಗಡಕ್ಕೆ ರಸ್ತೆಯಿದೆ. ರಾಧಾನಗರಿ ದಾಟಿ ಫೋಂಡಾ ಘಾಟ ಇಳಿದರೆ ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಅರಬ್ಬಿ ಸಮುದ್ರದ ದಂಡೆ ಮುಟ್ಟಬಹುದು. ನೇರ ಗೆರೆ ಎಳೆದರೆ ಕಡಲು ನೂರು ಕಿಲೋಮೀಟರಿನ ಆಚೀಚೆ. ಆದರೆ ಇಲ್ಲಿಯ ನೀರಿಗೆ ಆ ದಾರಿ ಗೊತ್ತಿಲ್ಲ. ಸಹ್ಯಾದ್ರಿಯ ಮೇಲೆ ಬಿದ್ದ ಮಳೆ ಪಡುವಣ ಕಡಲಿಗೆ ಬೆನ್ನು ತಿರುಗಿಸಿ ವೇದಗಂಗೆಯಾಗಿ, ದೂಧಗಂಗೆಯಾಗಿ, ಕೃಷ್ಣೆಯಾಗಿ ಮೂಡಲಿಗೆ ಹೊರಡುತ್ತದೆ. ಸಾವಿರಕ್ಕೂ ಹೆಚ್ಚು ಕಿಲೋಮೀಟರು ನಡೆದು ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಕೂಡುತ್ತದೆ. ಈ ಮೇ ತಿಂಗಳಲ್ಲಿ ನಾನು ಹೊರಟದ್ದು ಆ ನೀರಿನ ಗುಂಟ. ಆ ನೀರಿಗೆ ಎದುರಾಗಿ ಒಂದು ಕಾಲಕ್ಕೆ ಏರಿ ಬಂದಿದ್ದ ಪ್ರಾಣಿಯೊಂದನ್ನು ಹುಡುಕಿಕೊಂಡು.

ಅದನ್ನು ನಾನು ಕಂಡದ್ದು ಒಂದೇ ಸಲ, 1969ರ ಬೇಸಿಗೆಯಲ್ಲಿ. ಎರಡನೇ ಇಯತ್ತೆ ಮುಗಿಸಿ ರಾಯಬಾಗ ತಾಲ್ಲೂಕಿನ ಅಜ್ಜಿಯ ಊರಿಗೆ ಹೋಗಿದ್ದೆ. ಅಜ್ಜಿಯ ಮನೆಯಲ್ಲಿ ಮೀನಿನ ಹೆಸರನ್ನೂ ಎತ್ತುತ್ತಿರಲಿಲ್ಲ. ಹೊಳೆಗೆ ಹೋದರೆ ಮೊಸಳೆ ಎಳೆದೊಯ್ಯುತ್ತದೆ ಎಂದು ಹೆದರಿಸಿ ನನ್ನನ್ನು ಕಟ್ಟಿಹಾಕಲು ನೋಡುತ್ತಿದ್ದರು. ಒಂದು ಮುಂಜಾನೆ ಎಲ್ಲರ ಕಣ್ಣು ತಪ್ಪಿಸಿ ಓಡಿಹೋದೆ. ಅಂಬಿಗರು ಮಡುವಿನಿಂದ ಬಲೆ ಎಳೆದು ದಂಡೆಯ ಉಸುಕಿನ ಮೇಲೆ ಹರಡಿದ್ದರು. ಅದರೊಳಗೆ ನನ್ನಷ್ಟೇ ಉದ್ದದ್ದೊಂದು ಹೊರಳಾಡುತ್ತಿತ್ತು. ದಪ್ಪ ನನ್ನ ತೊಡೆಗಿಂತ ಹೆಚ್ಚು. ಹಳದಿ ಮಿಶ್ರಿತ ಕಂದು ಮೈ, ಅದರ ತುಂಬ ಕಪ್ಪು ಮಚ್ಚೆ. ತಲೆಯ ಹಿಂದೆ ಎರಡು ಪುಟ್ಟ ರೆಕ್ಕೆಗಳು, ಕಿವಿಯಂತೆ. ಇಬ್ಬರು ಗಂಡಸರು ಹಿಡಿಯಲು ಹೋದರೆ ಎರಡೂ ಕೈಗಳ ನಡುವಿನಿಂದ ಸರ್ರನೆ ಜಾರುತ್ತಿತ್ತು. ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಲೋಳೆ. ಬೆನ್ನಿನ ಮೇಲೆ ಮುಳ್ಳಿರಲಿಲ್ಲ. ಮೆತ್ತಗಿನ ಅಂಚೊಂದು ಬೆನ್ನಿನಿಂದ ಬಾಲ ಸುತ್ತಿ ಹೊಟ್ಟೆಯ ತನಕ ಬಂದಿತ್ತು.

“ಹಾವ?” ಎಂದು ಕೇಳಿದೆ.

“ಹಾವಲ್ಲ ತಮ್ಮಾ, ಮೀನ. ಹಾವಮೀನ,” ಎಂದರು ಅವರಲ್ಲಿ ಹಿರಿಯರು. “ಎಲ್ಲಿಂದ ಬರತೈತೋ ಏನೋ. ಇದರ ಹೊಟ್ಟ್ಯಾಗ ತತ್ತಿ ನಾ ಕಂಡಿಲ್ಲ, ನಮ್ಮಪ್ಪನೂ ಕಂಡಿಲ್ಲ.”

ಮನೆಗೆ ಬಂದಾಗ ಅಜ್ಜಿ ಕೈಯ ವಾಸನೆ ಹಿಡಿದು ಎರಡು ಸಲ ಮೀಸಿದರು. ತತ್ತಿ ಇಲ್ಲದ ಮೀನು ಎಂಬ ಮಾತು ಮಾತ್ರ ಮೈಯಿಂದ ಹೋಗಲಿಲ್ಲ. ಮುಂದೆ ಮಾಸ್ತರಿಕೆ ಮಾಡುತ್ತ, ಸಿಕ್ಕ ಪುಸ್ತಕ ಓದುತ್ತ ಆ ಒಗಟನ್ನು ಚೂರುಚೂರಾಗಿ ಬಿಡಿಸಿಕೊಂಡೆ. ಆ ಅಂಬಿಗರಿಗೆ ಅದನ್ನು ಹೇಳಬೇಕು ಎನಿಸುವ ಹೊತ್ತಿಗೆ ಅವರು ಇರಲಿಲ್ಲ.

ನಿಪ್ಪಾಣಿಯಲ್ಲಿ ಅಕ್ಕನ ಮಗ ಗಾಡಿ ತಂದ. ಯಮಗರ್ಣಿಯ ಹತ್ತಿರ ಹೆದ್ದಾರಿಯ ಸೇತುವೆ ಮೇಲೆ ನಿಲ್ಲಿಸಲು ಹೇಳಿದೆ. 2019ರಲ್ಲೂ 2021ರಲ್ಲೂ ವೇದಗಂಗೆ ಇಲ್ಲಿ ರಸ್ತೆಯ ಮೇಲೇ ಹರಿದು ಪುಣೆ–ಬೆಂಗಳೂರು ಹೆದ್ದಾರಿಯನ್ನು ಬಂದ್ ಮಾಡಿತ್ತು. ಈಗ ಕೆಳಗೆ ಎಮ್ಮೆ ಮುಳುಗುವಷ್ಟು ನೀರಿಲ್ಲ. ಇದೇ ನೀರು ಭೋಜದ ಬಳಿ ದೂಧಗಂಗೆಯನ್ನು ಕೂಡಿ, ಮುಂದೆ ಕಲ್ಲೋಳದ ಕಡೆಗೆ ಹೋಗಿ ಕೃಷ್ಣೆಯಾಗುತ್ತದೆ. ದಾರಿಯುದ್ದಕ್ಕೂ ಬಾಂದಾರಗಳು. ಜತ್ರಾಟ–ಭೀವಶಿ, ಅಕ್ಕೋಳ–ಸಿದ್ನಾಳ, ಭೋಜ–ಕಾರದಗಾ, ಮಲಿಕವಾಡ–ದತ್ತವಾಡ, ಕಲ್ಲೋಳ–ಯಡೂರ. ಪ್ರತಿ ಮಳೆಗಾಲ ಇವು ಮುಳುಗಿದವೆಂದು ಪತ್ರಿಕೆಯಲ್ಲಿ ಓದುತ್ತೇವೆ; ಊರಿನವರಿಗೆ ಈ ಜೋಡಿಹೆಸರುಗಳು ಬಾಯಿಪಾಠ. ಬೇಸಿಗೆಯಲ್ಲಿ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಮಳೆಗೆ ಮುಂಚೆ ತೆಗೆಯುತ್ತಾರೆ.

“ಮಾಮಾ, ಸಮುದ್ರದ ಮೀನ ಇಲ್ಲಿ ತನಕಾ ಬರೂದ ಸಾಧ್ಯ ಐತೇನ್ರಿ?” ಎಂದ ಅಳಿಯ. ಚಿಕ್ಕೋಡಿ ಮುಟ್ಟುವ ತನಕ ಅವನಿಗೆ ಅದನ್ನೇ ಹೇಳಿದೆ. ಅವನಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ.

ನಾನು ಕಂಡ ಮೀನು ಆಂಗ್ವಿಲ್ಲಾ ಬೆಂಗಾಲೆನ್ಸಿಸ್. 1831ರಲ್ಲಿ ಜಾನ್ ಎಡ್ವರ್ಡ್ ಗ್ರೇ ಈ ಹೆಸರಿಟ್ಟ. ಇಂಡಿಯಾದ ಎರಡೂ ಕರಾವಳಿಗೆ ಇಳಿಯುವ ಹೊಳೆಗಳಲ್ಲಿ ಇದರ ವಾಸ. ನಮ್ಮ ಕಡೆ ಪೇಟೆಗೆ ಬರುವ ‘ವಾಂಬ’ ಬೇರೆ. ಅದೂ ಹಾವಿನಂತೆಯೇ ಉದ್ದ, ಆದರೆ ಮೂತಿ ಚೂಪು, ಬೆನ್ನಿನ ಮೇಲೆ ಸಾಲಾಗಿ ಮುಳ್ಳು. ಹೊಳೆಯಲ್ಲೇ ಹುಟ್ಟಿ ಹೊಳೆಯಲ್ಲೇ ಸಾಯುತ್ತದೆ. ನಿಜವಾದ ಹಾವುಮೀನು ಹೊಳೆಯಲ್ಲಿ ಬೆಳೆಯುವುದು ಮಾತ್ರ. ಹುಟ್ಟುವುದೂ ಸಾಯುವುದೂ ನಡುಗಡಲಿನಲ್ಲಿ.

ಹೊಳೆಯ ಹಾವುಮೀನಿನ ಹೊಟ್ಟೆಯಲ್ಲಿ ಬಲಿತ ತತ್ತಿ ಸಿಗದಿದ್ದುದು ಅಂಬಿಗರಿಗೆ ಮಾತ್ರ ಒಗಟಾಗಿರಲಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಅರಿಸ್ಟಾಟಲ್ ಇದೇ ಕಾರಣಕ್ಕೆ ಈ ಮೀನು ಕೆಸರಿನಿಂದ ತಾನಾಗಿ ಹುಟ್ಟುತ್ತದೆ ಎಂದು ಬರೆದ. 1876ರಲ್ಲಿ ಟ್ರಿಯೆಸ್ಟ್ ಎಂಬ ರೇವುಪಟ್ಟಣದಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬ ಗಂಡು ಹಾವುಮೀನಿನ ವೃಷಣ ಹುಡುಕುತ್ತ ಸುಮಾರು 400 ಮೀನು ಸೀಳಿದ. ಆ ಹುಡುಗ ಮುಂದೆ ಮನಸ್ಸಿನ ಆಳಕ್ಕೆ ಇಳಿದ ಸಿಗ್ಮಂಡ್ ಫ್ರಾಯ್ಡ್. ಕಡಲಿನಲ್ಲಿ ಸಿಗುತ್ತಿದ್ದ ಒಂದು ವಿಚಿತ್ರ ಜೀವಿಯನ್ನು ಆ ಕಾಲದಲ್ಲಿ ಬೇರೆಯೇ ಮೀನು ಎಂದು ತಿಳಿದಿದ್ದರು. ಹಲಸಿನ ಎಲೆಯನ್ನು ಗಾಜಿನಲ್ಲಿ ಮಾಡಿದಂತೆ ಚಪ್ಪಟೆ, ಪಾರದರ್ಶಕ, ಪುಸ್ತಕದ ಮೇಲಿಟ್ಟರೆ ಅಕ್ಷರ ಓದಬಹುದು, ತೋರುವುದು ಎರಡು ಕಪ್ಪು ಕಣ್ಣು ಅಷ್ಟೇ. ಇಟಲಿಯ ಗ್ರಾಸ್ಸಿ ಮತ್ತು ಕಲಾಂದ್ರುಚ್ಚೋ 1890ರ ದಶಕದಲ್ಲಿ ಅಂಥದ್ದನ್ನು ನೀರಿನ ತೊಟ್ಟಿಯಲ್ಲಿಟ್ಟು ಕಾಯ್ದರು. ಎಲೆ ಕುಗ್ಗಿತು, ಉರುಟಾಯಿತು, ಕೊನೆಗೆ ಹಾವುಮೀನಿನ ಮರಿಯಾಯಿತು.

ಹಾಗಾದರೆ ಆ ಎಲೆ ಹುಟ್ಟುವುದು ಎಲ್ಲಿ? ಡೆನ್ಮಾರ್ಕಿನ ಯೊಹಾನೆಸ್ ಸ್ಮಿತ್ 1904ರಲ್ಲಿ ಅಟ್ಲಾಂಟಿಕ್‌ನಲ್ಲಿ ಅಂಥದ್ದೊಂದನ್ನು ಹಿಡಿದ. ಸುಮಾರು ಏಳೂವರೆ ಸೆಂಟಿಮೀಟರಿನದು. ಅವನ ಹುಡುಕಾಟದ ಉಪಾಯ ಸರಳ. ಮರಿ ಎಲ್ಲಿ ಚಿಕ್ಕದಾಗುತ್ತ ಹೋಗುತ್ತದೋ ತವರು ಅತ್ತ. ಹಡಗಿನಲ್ಲಿ ಬಲೆ ಎಳೆಯುತ್ತ, ಅಳೆಯುತ್ತ, ನಡುವೆ ಮಹಾಯುದ್ಧವೊಂದನ್ನು ದಾಟಿ, 1922ರಲ್ಲಿ ಪಶ್ಚಿಮ ಅಟ್ಲಾಂಟಿಕ್‌ನ ಸರ್ಗಾಸೋ ಸಮುದ್ರಕ್ಕೆ ಬೆರಳು ತೋರಿಸಿದ. ಯುರೋಪಿನ ಹೊಳೆಗಳ ಹಾವುಮೀನುಗಳೆಲ್ಲ ಅಲ್ಲಿಂದ ಬಂದವು, ಐದಾರು ಸಾವಿರ ಕಿಲೋಮೀಟರು ತೇಲಿ. ಹದಿನೆಂಟು ವರ್ಷ ಒಂದು ಮೀನಿನ ತೊಟ್ಟಿಲು ಹುಡುಕಿದ ಮನುಷ್ಯನ ಬಗ್ಗೆ ನನಗೆ ಪ್ರೀತಿಯಿದೆ. ನಮ್ಮ ಮಕ್ಕಳ ಪಠ್ಯದಲ್ಲಿ ಅವನಿಗೊಂದು ಪಾಠ ಇರಬೇಕಿತ್ತು.

ನಮ್ಮ ಹಾವುಮೀನಿನ ತೊಟ್ಟಿಲು ಇನ್ನೂ ಸಿಕ್ಕಿಲ್ಲ. ಸ್ಮಿತ್ ನಡೆಸಿದ 1928–30ರ ‘ಡಾನಾ’ ಹಡಗಿನ ಯಾತ್ರೆಯಲ್ಲಿ ಹಿಂದೂ ಮಹಾಸಾಗರದ ಹಾವುಮೀನುಗಳ ಎಳೆಮರಿಗಳು ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ ದೊರೆತವು. ಮೆಂತಾವೈ ಎಂಬ ಆಳವಾದ ಕಂದಕದ ಆಸುಪಾಸು ಅವು ತತ್ತಿ ಇಡುತ್ತವೆ ಎಂದು ವಿಜ್ಞಾನಿಗಳು ಅಂದಾಜು ಕಟ್ಟಿದರು. ಅಲ್ಲಿಂದ ಇಂದಿಗೂ ಒಂದು ತತ್ತಿಯನ್ನು ಯಾರೂ ಎತ್ತಿಲ್ಲ. ಜಪಾನಿನ ಹಾವುಮೀನಿನ ತತ್ತಿ ಸಿಕ್ಕಿದ್ದೇ 2009ರಲ್ಲಿ, ಮರಿಯಾನಾ ಪರ್ವತಸಾಲಿನ ಪಶ್ಚಿಮದ ಕಡಲಿನಲ್ಲಿ, ಕತ್ಸುಮಿ ತ್ಸುಕಾಮೋಟೋ ಮತ್ತು ಸಂಗಡಿಗರ ಹತ್ತಾರು ವರ್ಷಗಳ ದುಡಿಮೆಗೆ. ಅಜ್ಜಿಯ ಊರಿನ ಅಂಬಿಗ ಹೇಳಿದ ಮಾತು, “ನಾ ಕಂಡಿಲ್ಲ, ನಮ್ಮಪ್ಪನೂ ಕಂಡಿಲ್ಲ” ಎಂಬುದು, ಈ ಮೀನಿನ ಮಟ್ಟಿಗೆ ಇಡೀ ಜಗತ್ತೇ ಹೇಳಬೇಕಾದ ಮಾತು.

ಚಿಕ್ಕೋಡಿಯಲ್ಲಿ ಚಹಾ ಕುಡಿದು ಅಂಕಲಿಗೆ ಇಳಿದೆವು. ಕಬ್ಬಿನ ನಡುವೆ ರಸ್ತೆ ತಗ್ಗಾಗುತ್ತ ಹೋಗುತ್ತದೆ. ಮಾಂಜರಿಯ ಸೇತುವೆ ಬಂದಾಗ ಕೃಷ್ಣೆ ಒಮ್ಮೆಗೇ ಕಾಣುತ್ತಾಳೆ. ಮೇ ತಿಂಗಳಲ್ಲಿ ಆಕೆ ಹರಿಯುವುದಿಲ್ಲ. ಮಡುವಿನಿಂದ ಮಡುವಿಗೆ ಕೂತು ಕೂತು ಸಾಗುವ ಮುದುಕಿಯಂತೆ ಇರುತ್ತಾಳೆ. ಎರಡೂ ದಂಡೆಗೆ ನೀರೆತ್ತುವ ಪಂಪುಗಳು, ಕರಿ ಪೈಪುಗಳು. ನೀರಿನ ಹತ್ತಿರದ ಕಪ್ಪು ಎರೆಮಣ್ಣು ಬಿರಿದು ಅಂಗೈಯಷ್ಟಗಲದ ಹಲ್ಲೆಗಳಾಗಿದೆ. ಇದು ಸಮುದ್ರಮಟ್ಟದಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ಎತ್ತರ. ಬೆರಳುದ್ದದ ಮರಿಯೊಂದು ಸಾವಿರ ಕಿಲೋಮೀಟರು ಎದುರು ಈಜಿ, ಜಲದುರ್ಗದ ಬಳಿಯ ಕಲ್ಲುಬಂಡೆಗಳ ಇಳಿಜಾರು ಹತ್ತಿ, ಇಷ್ಟು ಮೇಲಕ್ಕೆ ಬಂದಿತ್ತು ಎಂಬುದನ್ನು ಸೇತುವೆಯ ಮೇಲೆ ನಿಂತು ಎಣಿಸಿದರೆ ಎದೆ ಝಲ್ಲೆನ್ನುತ್ತದೆ.

ಬಂದದ್ದಾದರೂ ಎಂಥ ಜಾಗದಿಂದ. ಕಡಲಿನಲ್ಲಿ 200 ಮೀಟರು ಇಳಿದರೆ ಬೆಳಕು ಬಡವಾಗುತ್ತದೆ, 1,000 ಮೀಟರಿಗೆ ಬಿಸಿಲಿನ ಕೊನೆಯ ಚೂರೂ ಮುಗಿಯುತ್ತದೆ. ಪ್ರತಿ ಹತ್ತು ಮೀಟರಿಗೆ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. ಸಾವಿರ ಮೀಟರಿನಲ್ಲಿ ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದು ಕ್ವಿಂಟಲ್ ಭಾರ. ಅಲ್ಲಿ ಬದುಕುವವರ ರೂಪ ಊಹೆಗೆ ನಿಲುಕುವುದಿಲ್ಲ. ಹಣೆಯ ಮೇಲಿನ ಕಡ್ಡಿಗೆ ದೀಪ ಕಟ್ಟಿಕೊಂಡು ಬಾಯಿ ತೆರೆದು ಕಾಯುವ ಮೀನಿದೆ. ಅದರ ಕೆಲವು ಜಾತಿಗಳಲ್ಲಿ ಬೆರಳಿನಷ್ಟು ಗಂಡು ಹೆಣ್ಣಿನ ಮೈಗೆ ಕಚ್ಚಿಕೊಂಡು, ಚರ್ಮಕ್ಕೆ ಚರ್ಮ, ರಕ್ತಕ್ಕೆ ರಕ್ತ ಬೆಸೆದು ಅವಳ ಅಂಗವೇ ಆಗಿಬಿಡುತ್ತದೆ. ಮೈಗಿಂತ ಬಾಯಿಯೇ ದೊಡ್ಡದಾಗಿ, ಚಾವಟಿಯಂಥ ಬಾಲದ ತುದಿಯಲ್ಲಿ ಬೆಳಕು ಮಿನುಗಿಸುವ ನುಂಗುಬಾಯಿಯ ಮೀನಿದೆ. ಹಕ್ಕಿಯ ಕೊಕ್ಕಿನಂಥ ಸಪೂರ ದವಡೆ ಇಟ್ಟುಕೊಂಡು ದಾರದಂತೆ ತೇಲುವ ಮೀನಿದೆ.

ಈ ಕೊನೆಯ ಎರಡನ್ನು ಬೇಕೆಂದೇ ಹೇಳಿದೆ. 2010ರಲ್ಲಿ ಜುನ್ ಇನೋಯೆ, ಮಸಾಕಿ ಮಿಯಾ, ತ್ಸುಕಾಮೋಟೋ ಮುಂತಾದವರು ಹಾವುಮೀನಿನ ಕುಲದ ಐವತ್ತಕ್ಕೂ ಹೆಚ್ಚು ಜಾತಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಹೊಳೆಯ ಹಾವುಮೀನಿಗೆ ಹತ್ತಿರದ ನೆಂಟರು ದಂಡೆಯ ಕಡಲಿನಲ್ಲಿ ಸಿಗಲಿಲ್ಲ. ಸಿಕ್ಕಿದ್ದು ನಡುಗಡಲಿನ ಆಳದಲ್ಲಿ: ಆ ನುಂಗುಬಾಯಿ, ಆ ಕೊಕ್ಕಿನ ಮೀನು. ಅಂದರೆ ಹಾವುಮೀನಿನ ಮೂಲ ಮನೆ ಕತ್ತಲಿನ ಕಡಲು. ಮೇವು ಹೆಚ್ಚು ಸಿಗುತ್ತದೆಂದು ಅದರ ಪೂರ್ವಜರು ಹೊಳೆ ಹತ್ತಿದರು; ಹೆರಿಗೆಗೆ ತವರು ಬಿಡಲಿಲ್ಲ. ಹೊಟ್ಟೆಪಾಡಿಗೆ ಪುಣೆ ಸೇರಿದರೂ ಚೊಚ್ಚಲ ಹೆರಿಗೆಗೆ ಅಥಣಿಗೆ ಬರುವ ನಮ್ಮ ಹೆಣ್ಣುಮಕ್ಕಳ ಹಾಗೆ. ಯುರೋಪಿನಲ್ಲಿ ಮೀನಿನ ಮೈಗೆ ಯಂತ್ರ ಕಟ್ಟಿ ಬಿಟ್ಟಾಗ ಗೊತ್ತಾದದ್ದು: ಮರುಪ್ರಯಾಣದಲ್ಲಿ ಅವು ರಾತ್ರಿ ಇನ್ನೂರು ಮುನ್ನೂರು ಮೀಟರಿನಲ್ಲಿ ಈಜುತ್ತವೆ, ಹಗಲು ಆರುನೂರು ಮೀಟರಿಗೂ ಕೆಳಗೆ ಇಳಿಯುತ್ತವೆ. ಕುಡಚಿಯ ಸೇತುವೆಯ ಕೆಳಗೆ ಏಡಿ ತಿಂದು ಬೆಳೆದ ಮೀನಿಗೆ ಮುಂದೆ ಕಾದಿದ್ದುದು ಆ ಕತ್ತಲೆ. ಆಳಸಮುದ್ರವನ್ನು ಶೋಧಿಸಲು ನಮ್ಮ ದೇಶ 2021ರಲ್ಲಿ ದೊಡ್ಡ ಯೋಜನೆ ಹಾಕಿಕೊಂಡಿತು. ಮೂವರನ್ನು ಆರು ಸಾವಿರ ಮೀಟರು ಇಳಿಸುವ ‘ಮತ್ಸ್ಯ 6000’ ಎಂಬ ವಾಹನ ಚೆನ್ನೈಯ ಸಂಸ್ಥೆಯಲ್ಲಿ ತಯಾರಾಗುತ್ತಿದೆ. ಆ ಸುದ್ದಿ ಓದಿ ನನಗೆ ನಿಜವಾಗಿಯೂ ಸಂತೋಷವಾಯಿತು. ಆದರೆ ಆ ಆಳದ ಕುಲದವನೊಬ್ಬ ತಾನಾಗಿ ನಮ್ಮ ಬಾಗಿಲಿಗೆ ಬರುತ್ತಿದ್ದ, ನಾನು ಏಳು ವರ್ಷದವನಿದ್ದಾಗ ಅವನ ಬೆನ್ನು ಸವರಿದ್ದೆ.

ಮಾಂಜರಿ ದಾಟಿ ಕಾಗವಾಡದ ಕಡೆಯಿಂದ ಉಗಾರ ಖುರ್ದಕ್ಕೆ ಬಂದೆವು. ಬಸದಿಗಳ, ಮಠಗಳ ನಾಡು ಇದು. ಭೋಜದಿಂದ ಉಗಾರದ ತನಕ ಜೈನರ ಮನೆಗಳು, ಲಿಂಗವಂತರ ಮನೆಗಳು. ಅಡುಗೆಮನೆಯೊಳಗೆ ಮೀನು ಬಾರದ ಸಾವಿರಾರು ಮನೆಗಳು. ಕೊಲ್ಲದಿರುವುದನ್ನು ಇಷ್ಟು ಗಂಭೀರವಾಗಿ ಬಾಳಿದ ಸೀಮೆಯಲ್ಲಿ ಹುಟ್ಟಿದ್ದಕ್ಕೆ ನನಗೆ ಅಭಿಮಾನವಿದೆ. ಅದರ ಜೊತೆಗೆ ಒಂದು ನೋವೂ ಇದೆ. ತಿನ್ನದವರು ಹೆಸರು ಕಲಿಯುವುದಿಲ್ಲ. ಹೊಳೆಯೊಳಗೆ ಯಾರು ಇದ್ದರು, ಯಾರು ಬಾರದಾದರು ಎಂಬ ಲೆಕ್ಕ ಅಂಬಿಗರ ಓಣಿಯಲ್ಲೇ ಉಳಿಯಿತು. ಊರಿನ ಓದು ಬರಹ ಬಲ್ಲವರು ಅದನ್ನು ಕೇಳಲಿಲ್ಲ. ಹಾವುಮೀನು ಇಲ್ಲವಾದಾಗ ಯಾವ ಕಟ್ಟೆಯಲ್ಲೂ ಆ ಮಾತು ಬರಲಿಲ್ಲ.

ಮೊಸಳೆಯ ಮಾತು ಮಾತ್ರ ಬರುತ್ತದೆ. ಅದು ತಾನೇ ಬಂದು ತೋರಿಸಿಕೊಳ್ಳುತ್ತದೆ. 2019ರ ಆಗಸ್ಟ್ ಮಹಾಪೂರದಲ್ಲಿ ರಾಯಬಾಗ ತಾಲ್ಲೂಕಿನ ಮುಳುಗಿದ ಮನೆಯೊಂದರ ಚಾವಣಿಯ ಮೇಲೆ ಬಾಯಿ ತೆರೆದು ಕೂತಿದ್ದ ಮೊಸಳೆಯ ಚಿತ್ರವನ್ನು ದೇಶವೆಲ್ಲ ನೋಡಿತು. ಜನ ಅದನ್ನು ಭಯದಿಂದ, ಬೆರಗಿನಿಂದ ಹಂಚಿದರು. ನನಗೆ ಅದು ದಣಿದ ಪ್ರಾಣಿಯಂತೆ ಕಂಡಿತು. ಸೆಳವು ತಡೆಯಲಾರದೆ, ಕಾಲೂರಲು ನೆಲ ಸಿಗದೆ, ಸಿಕ್ಕಿದ ಹೆಂಚಿನ ಮೇಲೆ ಹತ್ತಿ ಉಸಿರು ತೆಗೆದುಕೊಳ್ಳುತ್ತಿತ್ತು. ಅದೇ ವಾರ ಅದೇ ತಾಲ್ಲೂಕಿನ ಮನುಷ್ಯರೂ ಹಾಗೆಯೇ ಮಾಳಿಗೆಯ ಮೇಲೆ ದೋಣಿಗಾಗಿ ಕಾದು ಕೂತಿದ್ದರು.

ಅಜ್ಜಿಯ ಊರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮನೆಯ ಜಾಗದಲ್ಲಿ ಬೇರೆ ಮನೆಯಿದೆ. ಮಡುವಿನ ದಂಡೆಯ ಉಸುಕು ಪೂರಾ ಹೋಗಿ ಕೆಸರು ಉಳಿದಿದೆ.

ಅಥಣಿಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಸಪ್ತಸಾಗರಕ್ಕೆ ಹೊರಟೆವು. ಅಥಣಿ ತಾಲ್ಲೂಕಿನ ಬಡಗಣ ಹಳ್ಳಿಗಳಲ್ಲಿ ಬೇಸಿಗೆಗೆ ಟ್ಯಾಂಕರು ಕಾಯುತ್ತಾರೆ, ತೆಂಕಣ ಹಳ್ಳಿಗಳು ಮಳೆಗಾಲಕ್ಕೆ ಮುಳುಗುತ್ತವೆ. ಆ ತೆಂಕಣ ಅಂಚಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಕಡಲಿನಿಂದ ಇಷ್ಟು ದೂರದಲ್ಲಿ ಒಂದು ಹಳ್ಳಿಗೆ ಏಳು ಸಾಗರಗಳ ಹೆಸರು. ಹೆಸರಿಗಾಗಿಯೇ ಅದನ್ನು ಪ್ರಯಾಣದ ಕೊನೆಗೆ ಇಟ್ಟುಕೊಂಡಿದ್ದೆ. ಇಲ್ಲಿ ನೀರು ತುಂಬಿ ನಿಂತಿರುತ್ತದೆ. ಕೆಳಗೆ ಹಿಪ್ಪರಗಿ ಬ್ಯಾರೇಜು ಅದನ್ನು ಹಿಡಿದಿದೆ.

ಆ ಬ್ಯಾರೇಜಿನಿಂದ ಕಡಲಿನ ತನಕ ಗೋಡೆಗಳನ್ನು ಎಣಿಸುತ್ತ ಹೋಗಬಹುದು. ಹಿಪ್ಪರಗಿ ಆದ ಮೇಲೆ ಆಲಮಟ್ಟಿ, ನಾರಾಯಣಪುರ, ತೆಲಂಗಾಣದಲ್ಲಿ ಜುರಾಲಾ, ಆಮೇಲೆ 145 ಮೀಟರು ಎತ್ತರದ ಶ್ರೀಶೈಲ, 124 ಮೀಟರಿನ ನಾಗಾರ್ಜುನಸಾಗರ, ಪುಲಿಚಿಂತಲ, ಕೊನೆಗೆ ವಿಜಯವಾಡದ ಪ್ರಕಾಶಂ ಬ್ಯಾರೇಜು. ವಿಜಯವಾಡದಲ್ಲಿ 1855ರಿಂದಲೂ ಅಡ್ಡಗಟ್ಟೆಯಿತ್ತು. ಅದು ತಗ್ಗು, ಹಾವುಮೀನಿನ ಮರಿ ಒದ್ದೆ ಕಲ್ಲಿಗೆ ಹೊಟ್ಟೆ ಅಂಟಿಸಿ ಗೋಡೆ ಹತ್ತಬಲ್ಲದು, ಚರ್ಮದಿಂದಲೂ ಉಸಿರಾಡಬಲ್ಲದು. ಆದರೆ 1967ರಲ್ಲಿ ನಾಗಾರ್ಜುನಸಾಗರ ನಿಂತ ಮೇಲೆ ಆ ಬೆರಳುದ್ದದ ಪ್ರಾಣಿಗೆ ದಾರಿ ಮುಗಿಯಿತು. 1969ರಲ್ಲಿ ನಾನು ಕಂಡ ಮೀನು ಆ ಗೋಡೆ ಏಳುವುದಕ್ಕೆ ಮುಂಚೆಯೇ ಮೇಲಕ್ಕೆ ಬಂದದ್ದಿರಬೇಕು. ಅದು ಸಿಕ್ಕಿಬೀಳದೆ ಉಳಿದಿದ್ದರೂ ಕೆಳಗೆ ಇಳಿಯುವ ದಾರಿಯಲ್ಲಿ ಅದೇ ಗೋಡೆ, ವಿದ್ಯುತ್ ತಿರುಗಣಿ. ಗಂಗೆಗೆ 1975ರಲ್ಲಿ ಫರಕ್ಕಾ ಬ್ಯಾರೇಜು ಬಂದಾಗ ಹಿಲ್ಸಾ ಮೀನು ಅಲಹಾಬಾದಿನ ತನಕ ಹತ್ತುವುದು ನಿಂತಿತು, ಆಗ ಬಂಗಾಳ ಅತ್ತಿತು. ಹಿಲ್ಸಾ ರುಚಿಯ ಮೀನು, ಹಾಡಿನ ಮೀನು. ಹಾವುಮೀನಿಗೆ ಅಳುವವರು ಇರಲಿಲ್ಲ.

ಅಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳಲಾರೆ. ಆ ನೀರಿನಿಂದ ಬೆಳೆದ ಅನ್ನವನ್ನು ಉಂಡಿದ್ದೇನೆ. ಗೋಡೆಯ ಪಕ್ಕದಲ್ಲಿ ಒಂದು ಒದ್ದೆ ಇಳಿಜಾರು, ಒರಟು ಹಾಸು, ಸಣ್ಣ ನೀರಿನ ಹರಿವು ಇಟ್ಟರೆ ಹಾವುಮೀನಿನ ಮರಿಗಳು ಹತ್ತುತ್ತವೆ. ಯುರೋಪಿನಲ್ಲಿ, ಅಮೆರಿಕದಲ್ಲಿ ಅಂಥ ಏಣಿಗಳನ್ನು ಕಟ್ಟಿದ್ದಾರೆ. ನಮ್ಮಲ್ಲಿ ಈ ಮೀನು ಇದೆಯೆಂಬ ನೆನಪೇ ನಕ್ಷೆ ಬರೆಯುವ ಮೇಜಿನ ತನಕ ಹೋಗಲಿಲ್ಲ. ನನಗೆ ಸಂಕಟವಾಗುವುದು ಅದಕ್ಕೆ.

ಸಪ್ತಸಾಗರದ ದಂಡೆಯಲ್ಲಿ ಒಬ್ಬ ಹಿರಿಯರು ಹಳೆಯ ಬಲೆಯ ಹರಕು ಹೊಲಿಯುತ್ತ ಕೂತಿದ್ದರು. ಎಂಬತ್ತು ದಾಟಿದವರು. ಪಕ್ಕದಲ್ಲಿ ಮೊಮ್ಮಗ ಬುಟ್ಟಿ ತೊಳೆಯುತ್ತಿದ್ದ. ಅಳಿಯ ನನ್ನನ್ನು “ನಮ್ಮ ಮಾಮಾ ರೀ, ಸಾಲಿ ಮಾಸ್ತರಿದ್ದರು” ಎಂದು ಪರಿಚಯಿಸಿದ.

“ಬರ್ರಿ ಮಾಸ್ತರ, ಕುಂದರ್ರಿ,” ಎಂದು ಚೀಲ ಹಾಸಿದರು.

ನಾನು ಕೇಳಿದೆ. ವಾಂಬ ಅಲ್ಲ ಕಾಕಾ, ಬೆನ್ನ ಮ್ಯಾಲ ಮುಳ್ಳ ಇರದಿದ್ದದ್ದು, ಮೈತುಂಬ ಮಚ್ಚಿ ಇದ್ದದ್ದು, ಗಂಡಾಳಿನ ಸೊಂಟದ ತನಕ ಉದ್ದ. ಅವರ ಸೂಜಿ ನಿಂತಿತು.

“ಅದನ್ನ ಯಾರೂ ಕೇಳಲಾರದ ಎಷ್ಟೋ ವರ್ಷ ಆತ್ರಿ,” ಎಂದರು.

ಆಮೇಲೆ ಅವರೇ ಹೇಳುತ್ತ ಹೋದರು. ಅದು ಹಗಲಿಗೆ ಸಿಗುತ್ತಿರಲಿಲ್ಲ, ಕಲ್ಲಿನ ಪೊಟರೆಯಲ್ಲಿ ಇರುತ್ತಿತ್ತು. ಕಪ್ಪೆ, ಏಡಿ ಕಟ್ಟಿ ಗಾಳ ಬಿಟ್ಟರೆ ರಾತ್ರಿ ಬರುತ್ತಿತ್ತು. ಹಿಡಿಯುವವನು ಕೈಗೆ ಬೂದಿ ಹಚ್ಚಿಕೊಳ್ಳದಿದ್ದರೆ ನಿಲ್ಲುತ್ತಿರಲಿಲ್ಲ. ತೂಕಕ್ಕಿಂತ ಬಲ ಹೆಚ್ಚು. ಅವರ ಮದುವೆಯಾದ ಮೇಲೆ ಕಡಿಮೆಯಾಗುತ್ತ ಬಂತು. ಮಕ್ಕಳಿಗೆ ಮೀಸೆ ಬರುವ ಹೊತ್ತಿಗೆ ಇಲ್ಲ.

“ಒಂದ ಮಾತ ಹೇಳ್ತೀನಿ, ನಂಬ್ರಿ ಬಿಡ್ರಿ. ಶ್ರಾವಣದಾಗ ಹೊಳಿ ದಂಡಿಗಟ್ಲೆ ಹರೀತಿರಬೇಕಾದರ, ಅಮಾಸಿ ಕತ್ತಲದಾಗ, ದೊಡ್ಡಾವು ತೆಳಗ ಹೋಗತಿದ್ದೂ. ಬ್ಯಾರೆ ಮೀನೆಲ್ಲಾ ಹೊಸ ನೀರಿಗೆ ಮ್ಯಾಲ ಏರಿದರ ಅದು ತೆಳಗ. ಆವಾಗ ಅದರ ಬಣ್ಣ ಬ್ಯಾರೆ. ಹೊಟ್ಟಿ ಬೆಳ್ಳಿ ಹಂಗ, ಬೆನ್ನ ಕರ್ರಗ. ಕಣ್ಣ ಇಷ್ಟಿಷ್ಟ ದೊಡ್ಡೂ. ಹೊಟ್ಟಿ ಸೀಳಿದರ ಕರಳ ಹಿಂಗ ದಾರದಂಗ ಆಗಿರತಿತ್ತ. ಒಳಗ ಕೂಳ ಇಲ್ಲ, ಏನಿಲ್ಲ. ನಮ್ಮವ್ವ ಅಂತಿದ್ದಳು, ಇದು ಶ್ರಾವಣ ಉಪಾಸ ಹಿಡದೈತಿ, ಇದನ್ನ ಹಿಡೀಬಾರದು, ಬಿಡ್ರಿ ಅಂತ.”

ನನಗೆ ಮಾತು ಹೊರಡಲಿಲ್ಲ. ಜಗತ್ತಿನ ಪ್ರಯೋಗಾಲಯಗಳಲ್ಲಿ ಬರೆದಿಟ್ಟದ್ದು ಇದನ್ನೇ. ಕಡಲಿಗೆ ಮರಳುವ ಕಾಲ ಬಂದಾಗ ಹಾವುಮೀನಿನ ಹಳದಿ ಬಣ್ಣ ಹೋಗಿ ಬೆಳ್ಳಿಯಾಗುತ್ತದೆ, ಆಳದ ಕತ್ತಲಿಗಾಗಿ ಕಣ್ಣು ಹಿರಿದಾಗುತ್ತದೆ, ಜಠರ ಕುಗ್ಗುತ್ತದೆ. ಆ ಮೇಲೆ ಅದು ಮತ್ತೆ ಉಣ್ಣುವುದಿಲ್ಲ. ಮೈಯ ಕೊಬ್ಬನ್ನೇ ಬುತ್ತಿ ಮಾಡಿಕೊಂಡು ಸಾವಿರಾರು ಕಿಲೋಮೀಟರು ಈಜಿ, ಒಂದೇ ಸಲ ತತ್ತಿಯಿಟ್ಟು, ಅಲ್ಲೇ ಸಾಯುತ್ತದೆ. ಸಪ್ತಸಾಗರದ ಒಬ್ಬ ತಾಯಿ ಅದನ್ನು ಉಪವಾಸವೆಂದು ಗುರುತಿಸಿ, ಹಸಿದ ಮನೆಯಲ್ಲೂ ಬಿಟ್ಟುಬಿಡಿ ಎಂದಿದ್ದಳು.

ನಾನು ತಿಳಿದದ್ದನ್ನು ಅವರಿಗೆ ಹೇಳಿದೆ. ಐವತ್ತಾರು ವರ್ಷ ಹೊತ್ತು ತಿರುಗಿದ್ದನ್ನು, ಬೇರೊಬ್ಬ ಅಂಬಿಗನಿಗೆ ಹೇಳಬೇಕಿದ್ದುದನ್ನು. ಎಲೆಯಂಥ ಮರಿ, ಗಾಜಿನಂಥ ಮೈ, ಸುಮಾತ್ರಾದ ಕತ್ತಲು, ಕೆಳಗಿನ ಎಂಟು ಗೋಡೆ. ಅವರು ಒಂದೊಂದು ಅಣೆಕಟ್ಟಿನ ಹೆಸರಿಗೂ ತಲೆಯಾಡಿಸಿದರು. ಮೊಮ್ಮಗ ಬುಟ್ಟಿ ಬಿಟ್ಟು ಹತ್ತಿರ ಬಂದು ಕೂತ.

“ಹೊಳಿ ಒಳಗ ಬರೂವಾಗ ಮರಿ ಎಷ್ಟ ದಪ್ಪ ಇರತೈತ್ರಿ?” ಎಂದು ಕಾಕಾ ಕೇಳಿದರು.

ಬಲೆ ಹೊಲಿಯುವ ನೂಲನ್ನು ಎರಡು ಪದರ ಮಾಡಿ ತೋರಿಸಿದೆ. ಇಷ್ಟೇ, ಬೆರಳುದ್ದ.

ಅವರು ಮಡಿಲಲ್ಲಿದ್ದ ಬಲೆಯ ಕಣ್ಣೊಂದನ್ನು ಎರಡು ಹೆಬ್ಬೆರಳಿನಿಂದ ಅಗಲಿಸಿ, ಅದರೊಳಗಿಂದ ಹೊಳೆಯ ಕಡೆಗೆ ನೋಡಿದರು.

“ಹಂಗಾರ ನಮ್ಮ ಬಲ್ಯಾಗ ಉಳಿಯಂಗಿಲ್ಲ ಬಿಡ್ರಿ, ಹಾದ ಹೋಗತೈತಿ,” ಎಂದರು. “ಒಂದ ಯಾವುದರ ಬಂದಿದ್ದರೂ ನಮಗ ಗೊತ್ತಾಗಿರಂಗಿಲ್ಲ.”

ಮೊಮ್ಮಗ ಎದ್ದು ನೀರಿನ ಅಂಚಿಗೆ ಹೋಗಿ ಬಗ್ಗಿ ನೋಡತೊಡಗಿದ.